ಶಾಂಪೂ ಪಾಕೀಟಿನ ಕಸ ಯಾರದು? ಕಂಪನಿಯದೋ, ಪಂಚಾಯಿತಿಯದೋ?

ನಾರಾಯಣಪೇಟೆ: ಕೃಷ್ಣಾ ಮಂಡಲದ ಯಾವುದೇ ಊರಿಗೆ ಹೋಗಿ, ಕಿರಾಣಿ ಅಂಗಡಿ ಮುಂದೆ ಹತ್ತು ನಿಮಿಷ ನಿಂತು ನೋಡಿ. ಬಾಗಿಲಿಗೆ ತೋರಣ ಕಟ್ಟಿದ ಹಾಗೆ ಶಾಂಪೂ ಪಾಕೀಟಿನ ಸರ. ಅದರ ಪಕ್ಕದಲ್ಲಿ ಕಾಫಿ ಪುಡಿ, ಕುರುಕಲು ತಿಂಡಿ, ಅಡಿಕೆ ಪುಡಿಯ ಚೀಟಿ. ಮಾಲು ರಾಯಚೂರಿನಿಂದ ಬಂದದ್ದಿರಬಹುದು, ಮಹಬೂಬ್‌ನಗರದಿಂದ ಬಂದದ್ದಿರಬಹುದು. ಪಾಕೀಟು ಹರಿದ ಕೂಡಲೇ ಅದು ಎಲ್ಲಿಂದ ಬಂತು ಎನ್ನುವ ಪ್ರಶ್ನೆ ಮುಗಿಯಿತು. ಅಲ್ಲಿಂದ ಮುಂದೆ ಅದು ನಮ್ಮೂರಿನ ಕಸ. ಕನ್ನಡದಲ್ಲಿ ಕಸ ಅನ್ನಿ, ತೆಲುಗಿನಲ್ಲಿ ಚೆತ್ತ ಅನ್ನಿ, ಬೀಳುವುದು ಒಂದೇ ಚರಂಡಿಗೆ.

ಮೊದಲ ದೊಡ್ಡ ಮಳೆಗೆ ಚರಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ತಂಗಡಿ ಹತ್ತಿರ ಭೀಮಾ ನದಿ ಕೃಷ್ಣೆಯನ್ನು ಸೇರುತ್ತದೆ. ಅಲ್ಲಿಂದ ಕೆಳಗೆ ಗದ್ವಾಲ ಸಮೀಪದ ಜುರಾಲಾ ಜಲಾಶಯ. ಹೊಳೆಗೆ ಹೋಗದೆ ಉಳಿದದ್ದನ್ನು ದನ ತಿನ್ನುತ್ತವೆ, ಇಲ್ಲವೇ ಯಾರೋ ಬೆಂಕಿ ಹಚ್ಚುತ್ತಾರೆ. ಬಯಲಲ್ಲಿ ಕಸ ಸುಡುವುದಕ್ಕೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಆದೇಶ ಮಾಡಿದೆ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ್ದ ಪ್ರಕರಣ ಕೊನೆಗೆ ಮುಟ್ಟಿದ್ದು ಆ ಆದೇಶಕ್ಕೆ. ನಮ್ಮ ಕಡೆ ಸಂಜೆ ಹೊತ್ತು ಹೊಗೆ ಏಳದ ಊರು ಯಾವುದಿದೆ ಎಂದು ಮಾತ್ರ ಕೇಳಬೇಡಿ.

ಈ ಪಾಕೀಟಿನ ಕಸ ಎತ್ತುವ ಖರ್ಚು ಯಾರು ಕೊಡಬೇಕು? ಸರಪಂಚರನ್ನು ಕೇಳಿದರೆ ಪಂಚಾಯಿತಿ ಎನ್ನುತ್ತಾರೆ. ಕಾನೂನನ್ನು ಕೇಳಿದರೆ, ಪಾಕೀಟಿನ ಮೇಲೆ ಯಾರ ಹೆಸರಿದೆಯೋ ಆ ಕಂಪನಿ ಎನ್ನುತ್ತದೆ. ಎರಡೂ ನಿಜ. ತೊಡಕು ಇರುವುದೇ ಅಲ್ಲಿ.

ಕಾನೂನು ಏನು ಹೇಳುತ್ತದೆ?

ಸರಕು ಮಾರಿದವನೇ ಅದರ ಹೊದಿಕೆಯ ಕೊನೆಯವರೆಗೂ ಹೊಣೆ ಹೊರಬೇಕು ಎಂಬುದಕ್ಕೆ 'ಉತ್ಪಾದಕರ ವಿಸ್ತೃತ ಹೊಣೆ' ಎಂದು ಹೆಸರು. ಸರ್ಕಾರಿ ಕಾಗದದಲ್ಲಿ ಚಿಕ್ಕದಾಗಿ ಇಪಿಆರ್. 1990ರಲ್ಲಿ ಸ್ವೀಡನ್ನಿನ ಥಾಮಸ್ ಲಿಂಡ್‌ಕ್ವಿಸ್ಟ್ ಇದಕ್ಕೆ ಈ ಹೆಸರು ಕೊಟ್ಟರು. 1991ರಲ್ಲಿ ಜರ್ಮನಿ ಪ್ಯಾಕಿಂಗ್ ಕಸಕ್ಕೆ ಇದನ್ನು ಕಾನೂನಾಗಿ ಮಾಡಿತು. ಅಲ್ಲಿನ ಕಂಪನಿಗಳು ಕೂಡಿ ಹಣ ಹಾಕಿ, ಮನೆ ಮನೆಯಿಂದ ಹೊದಿಕೆ ಕಸ ಎತ್ತುವ ಬೇರೆಯೇ ಒಂದು ವ್ಯವಸ್ಥೆ ಕಟ್ಟಬೇಕಾಯಿತು. ಅಂದರೆ ಕಂಪನಿಯ ದುಡ್ಡು ನೇರವಾಗಿ ಬೀದಿಗೆ ಬಂತು.

ನಮ್ಮ ದೇಶದಲ್ಲಿ ಈ ಮಾತು ಮೊದಲು ಬಂದದ್ದು 2011ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳಲ್ಲಿ. ಹಳ್ಳಿಗಳಿಗೂ ಅನ್ವಯ ಎಂದದ್ದು 2016ರ ನಿಯಮಗಳು. ಗ್ರಾಮ ಪಂಚಾಯಿತಿ ತಾನೇ ಆಗಲಿ, ಬೇರೆಯವರ ಮೂಲಕವಾಗಲಿ ಪ್ಲಾಸ್ಟಿಕ್ ಕಸವನ್ನು ಬೇರ್ಪಡಿಸಿ, ಸಂಗ್ರಹಿಸಿ, ಸಾಗಿಸಿ, ಮರುಬಳಕೆ ಮಾಡುವವರಿಗೆ ಮುಟ್ಟಿಸಬೇಕು, ಸುಡದಂತೆ ನೋಡಿಕೊಳ್ಳಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಅದೇ ನಿಯಮಗಳು ಕಂಪನಿಗಳಿಗೆ ಹೇಳಿದ್ದೇನು? ಆರು ತಿಂಗಳೊಳಗೆ ರಾಜ್ಯದ ನಗರಾಭಿವೃದ್ಧಿ ಇಲಾಖೆಯನ್ನು ಜೊತೆಗಿಟ್ಟುಕೊಂಡು ಕಸ ಸಂಗ್ರಹದ ವ್ಯವಸ್ಥೆ ರೂಪಿಸಿ ಎಂದು. ನಗರಾಭಿವೃದ್ಧಿ ಇಲಾಖೆ! ಹಳ್ಳಿಗೆ ಕೆಲಸ ಹಚ್ಚುವಾಗ ಪಂಚಾಯಿತಿಯ ಹೆಸರು ನೆನಪಿತ್ತು, ಕಂಪನಿ ಯಾರ ಜೊತೆ ಕೂತು ಮಾತಾಡಬೇಕು ಎನ್ನುವಾಗ ಪಂಚಾಯತ್ ರಾಜ್ ಇಲಾಖೆಯ ಹೆಸರು ನೆನಪಾಗಲಿಲ್ಲ.

ಅದೇ 2016ರ ನಿಯಮಗಳಲ್ಲಿ ಇನ್ನೂ ಎರಡು ಮಾತಿದ್ದವು. ಪ್ಲಾಸ್ಟಿಕ್ ಕೈಚೀಲ ಕೊಡುವ ಅಂಗಡಿಯವರು ತಿಂಗಳಿಗೆ 4,000 ರೂಪಾಯಿಯಂತೆ ವರ್ಷಕ್ಕೆ 48,000 ರೂಪಾಯಿ ಸ್ಥಳೀಯ ಸಂಸ್ಥೆಗೆ ಕಟ್ಟಿ ನೋಂದಾಯಿಸಬೇಕು ಎನ್ನುವುದು ಒಂದು. ಮರುಬಳಕೆಯಾಗದ ಬಹುಪದರದ ಪ್ಯಾಕಿಂಗನ್ನು ಎರಡು ವರ್ಷದಲ್ಲಿ ನಿಲ್ಲಿಸಬೇಕು ಎನ್ನುವುದು ಇನ್ನೊಂದು. 2018ರ ಮಾರ್ಚ್‌ನ ತಿದ್ದುಪಡಿಯಲ್ಲಿ ಮೊದಲನೆಯದನ್ನು ಕಿತ್ತು ಹಾಕಿದರು. ಎರಡನೆಯದಕ್ಕೆ, ಸುಟ್ಟು ಶಕ್ತಿ ಪಡೆಯಲು ಬಾರದ, ಬೇರೆ ಯಾವ ಉಪಯೋಗಕ್ಕೂ ಬಾರದ ಪ್ಯಾಕಿಂಗಿಗೆ ಮಾತ್ರ ಎಂದು ಬಾಲ ಸೇರಿಸಿದರು. ಸಿಮೆಂಟ್ ಭಟ್ಟಿಯಲ್ಲಿ ಉರಿಯದ ಪಾಕೀಟು ಯಾವುದಿದೆ? ಹೀಗೆ ಪಾಕೀಟು ಉಳಿದುಕೊಂಡಿತು.

ಈಗ ನಡೆಯುತ್ತಿರುವುದು 2022ರ ಫೆಬ್ರವರಿ 16ರಂದು ಹೊರಬಿದ್ದ ಮಾರ್ಗಸೂಚಿಯ ಪ್ರಕಾರ. ಅದರಲ್ಲಿ ಪ್ಯಾಕಿಂಗನ್ನು ನಾಲ್ಕು ವರ್ಗ ಮಾಡಿದ್ದಾರೆ. ಗಟ್ಟಿ ಪ್ಲಾಸ್ಟಿಕ್, ಅಂದರೆ ಬಾಟಲಿ, ಡಬ್ಬಿ ಮೊದಲನೆಯದು. ಹಾಲಿನ ಪಾಕೀಟಿನಂಥ ಮೆತ್ತನೆಯ ಬರೀ ಪ್ಲಾಸ್ಟಿಕ್ ಎರಡನೆಯದು. ಪ್ಲಾಸ್ಟಿಕ್ ಜೊತೆ ಅಲ್ಯೂಮಿನಿಯಂ ಅಥವಾ ಕಾಗದದ ಪದರ ಅಂಟಿಸಿದ ಪಾಕೀಟು ಮೂರನೆಯದು. ಮಣ್ಣಿನಲ್ಲಿ ಕರಗುವ ಪ್ಲಾಸ್ಟಿಕ್ ಹಾಳೆ, ಚೀಲ ನಾಲ್ಕನೆಯದು. ಕಂಪನಿ ಮಾರುಕಟ್ಟೆಗೆ ಬಿಟ್ಟ ಪ್ಯಾಕಿಂಗ್ ತೂಕದಲ್ಲಿ 2021-22ಕ್ಕೆ ಶೇ. 25, 2022-23ಕ್ಕೆ ಶೇ. 70, 2023-24ರಿಂದ ಶೇ. 100ರಷ್ಟಕ್ಕೆ ಅದೇ ಹೊಣೆ. ಮೂರನೆಯ ವರ್ಗದಲ್ಲಿ 2024-25ಕ್ಕೆ ಕನಿಷ್ಠ ಶೇ. 30 ಮರುಬಳಕೆ ಆಗಬೇಕು, ಅದು ಏರುತ್ತಾ 2027-28ಕ್ಕೆ ಶೇ. 60 ಆಗಬೇಕು. ಮರುಬಳಕೆ ಆಗದ್ದು ರಸ್ತೆಗೆ, ಸಿಮೆಂಟ್ ಭಟ್ಟಿಗೆ, ವಿದ್ಯುತ್ತಿಗೆ ಅಥವಾ ಎಣ್ಣೆ ತೆಗೆಯಲು ಹೋಗಬೇಕು. ಗುರಿ ಮುಟ್ಟದಿದ್ದರೆ ಪರಿಸರ ಪರಿಹಾರ ಎಂಬ ಹೆಸರಿನ ದಂಡ.

ಓದಲು ಚೆನ್ನಾಗಿದೆ. ಶೇ. 100 ಎಂದರೆ ಒಂದು ಪಾಕೀಟೂ ಹಳ್ಳದಲ್ಲಿ ಇರಬಾರದಲ್ಲವೇ?

ದುಡ್ಡು ಎಲ್ಲಿ ನಿಲ್ಲುತ್ತದೆ?

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಕಂಪನಿ ತನ್ನ ಪಾಕೀಟನ್ನೇ ಹುಡುಕಿ ಎತ್ತಬೇಕಾಗಿಲ್ಲ. ಅಷ್ಟೇ ತೂಕದ, ಅದೇ ವರ್ಗದ ಪ್ಲಾಸ್ಟಿಕ್ ಕಸ ದೇಶದ ಯಾವುದೋ ಮೂಲೆಯಲ್ಲಿ ವಿಲೇವಾರಿ ಆಗಿದೆ ಎಂಬ ಪ್ರಮಾಣಪತ್ರ ತೋರಿಸಿದರೆ ಸಾಕು. ಆ ಪ್ರಮಾಣಪತ್ರ ಕೊಡುವವರು ಮಂಡಳಿಯಲ್ಲಿ ನೋಂದಾಯಿತ ಮರುಬಳಕೆ ಘಟಕದವರು. ಕಂಪನಿ ಅವರಿಗೆ ದುಡ್ಡು ಕೊಟ್ಟು ಕೊಳ್ಳುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ಲೆಕ್ಕ ಏರಿಸುತ್ತದೆ. ಅಲ್ಲಿಗೆ ಅದರ ಹೊಣೆ ತೀರಿತು.

ಮಕ್ತಲ್ ಅಂಗಡಿಯಲ್ಲಿ ಮಾರಿದ ಪಾಕೀಟಿಗೆ ಗುಜರಾತಿನ ಕಸ ತೋರಿಸಬಹುದು. ತಪ್ಪೇನಿಲ್ಲ, ನಿಯಮದ ಪ್ರಕಾರವೇ ಸರಿ. ಘಟಕದವರು ಕಸವನ್ನು ಎಲ್ಲಿಂದ ತರುತ್ತಾರೆ? ಹತ್ತಿರದಲ್ಲಿ, ಒಂದೇ ಕಡೆ, ಶುಚಿಯಾಗಿ, ಲಾರಿಗಟ್ಟಲೆ ಸಿಗುವ ಕಡೆಯಿಂದ. ಅಂದರೆ ದೊಡ್ಡ ಪಟ್ಟಣದಿಂದ. ವ್ಯಾಪಾರಸ್ಥ ಮಾಡುವುದೇ ಹಾಗೆ, ಅವರನ್ನು ಬೈದು ಪ್ರಯೋಜನವಿಲ್ಲ. ಆದರೆ ಕೃಷ್ಣಾ, ಮಾಗನೂರು ಕಡೆಯ ಹಳ್ಳಿಯಲ್ಲಿ ಮಣ್ಣು ಮೆತ್ತಿಕೊಂಡ ಎರಡು ಚೀಲ ಪಾಕೀಟಿಗೆ ಯಾರು ಲಾರಿ ಕಳಿಸುತ್ತಾರೆ?

ಪಾಕೀಟಿನ ತೂಕ ಎಷ್ಟು ನೋಡಿ. ಒಂದು ಪಾಕೀಟು ಒಂದು ಗ್ರಾಂ ಎಂದು ಹಿಡಿದರೂ ಒಂದು ಟನ್ನಿಗೆ ಹತ್ತು ಲಕ್ಷ ಪಾಕೀಟು ಬೇಕು. ಬಾಟಲಿ ಹಾಗಲ್ಲ, ನೂರು ಹೆಕ್ಕಿದರೆ ಒಂದೆರಡು ಕಿಲೋ ಆಗುತ್ತದೆ, ಗುಜರಿ ಅಂಗಡಿಯವನು ತಕ್ಷಣ ದುಡ್ಡು ಕೊಡುತ್ತಾನೆ. ಅದಕ್ಕೇ ನಮ್ಮ ಊರುಗಳಲ್ಲಿ ಬಾಟಲಿ ಬಿದ್ದಿರುವುದು ಕಡಿಮೆ, ಪಾಕೀಟು ಹೆಚ್ಚು. ಒಂದು ವರ್ಗದ ಕಸ ತೋರಿಸಿ ಇನ್ನೊಂದು ವರ್ಗದ ಗುರಿ ತೀರಿಸುವಂತಿಲ್ಲ ಎಂದು ನಿಯಮದಲ್ಲಿದೆ. ಅದು ಒಳ್ಳೆಯದೇ. ಬಾಟಲಿ ತೋರಿಸಿ ಪಾಕೀಟಿನ ಹೊಣೆ ಕಳೆದುಕೊಳ್ಳಲಾಗದು. ಆದರೆ ಪಾಕೀಟಿಗೆ ಪಾಕೀಟನ್ನೇ ತೋರಿಸುವಾಗಲೂ ಅದು ಯಾವ ಊರಿನದು ಎಂದು ಕೇಳುವವರಿಲ್ಲ.

ಕಾಗದದ ಮೇಲೇ ನಡೆಯುವ ವ್ಯವಹಾರದಲ್ಲಿ ಮೋಸ ಸುಲಭ. 2023ರಲ್ಲಿ ಕೇಂದ್ರ ಮಂಡಳಿ ಬೆರಳೆಣಿಕೆಯ ಮರುಬಳಕೆ ಘಟಕಗಳ ಲೆಕ್ಕ ತಪಾಸಣೆ ಮಾಡಿತು. ಅಷ್ಟರಲ್ಲೇ ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರ ಸಿಕ್ಕವು. ಸಿಕ್ಕಿಬಿದ್ದ ಘಟಕಗಳು ಗುಜರಾತ್, ಮಹಾರಾಷ್ಟ್ರ ಮತ್ತು ನಮ್ಮ ಪಕ್ಕದ ಕರ್ನಾಟಕದವು. ಆಡದ ಯಂತ್ರ, ಬಾರದ ಕಸ, ಆದರೂ ಪ್ರಮಾಣಪತ್ರ.

ಹಾಗಾದರೆ ನಮ್ಮೂರ ಕಸಕ್ಕೆ ದುಡ್ಡು ಹಾಕುತ್ತಿರುವವರು ಯಾರು? ತೆಲಂಗಾಣದಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಲ್ಲೆ ಪ್ರಗತಿಯಲ್ಲಿ ಪಂಚಾಯಿತಿಗಳಿಗೆ ಟ್ರ್ಯಾಕ್ಟರ್ ಬಂತು, ಟ್ರಾಲಿ ಬಂತು, ಡಂಪಿಂಗ್ ಯಾರ್ಡ್, ಕಸ ಬೇರ್ಪಡಿಸುವ ಶೆಡ್ಡು ಕಟ್ಟಿಸಿದರು. ಟ್ರ್ಯಾಕ್ಟರಿಗೆ ಡೀಸೆಲ್ ಹಾಕಬೇಕು, ಕಾರ್ಮಿಕರಿಗೆ ಸಂಬಳ ಕೊಡಬೇಕು. ಅದು ಪಂಚಾಯಿತಿಯ ದುಡ್ಡು, ಅಂದರೆ ಮನೆ ತೆರಿಗೆ ಮತ್ತು ಸರ್ಕಾರದ ಅನುದಾನ. ಕಂಪನಿಯೇನೂ ಪುಕ್ಕಟೆ ಪ್ರಮಾಣಪತ್ರ ಕೊಳ್ಳುವುದಿಲ್ಲ. ಆ ಖರ್ಚನ್ನು ಸರಕಿನ ಬೆಲೆಯಲ್ಲಿ ಸೇರಿಸಿದರೆ ತಡೆಯುವವರಿಲ್ಲ. ಹಾಗಾದಾಗ ಹಳ್ಳಿಯವರು ಎರಡು ಸಲ ಕೊಟ್ಟಂತಾಯಿತು: ಅಂಗಡಿಯಲ್ಲಿ ಒಮ್ಮೆ, ಪಂಚಾಯಿತಿಯಲ್ಲಿ ಇನ್ನೊಮ್ಮೆ. ಕಸ ಮಾತ್ರ ಶೆಡ್ಡಿನಿಂದ ಮುಂದಕ್ಕೆ ಹೋಗುವುದಿಲ್ಲ.

ಪಾಕೀಟೇ ಬೇಡ ಎನ್ನೋಣವೇ?

ಸುಲಭವಲ್ಲ. ಪಾಕೀಟು ಬರುವವರೆಗೆ ಶಾಂಪೂ ಎಂದರೆ ಪೇಟೆಯವರ ಬಾಟಲಿ ಸರಕು. ದಿನಗೂಲಿಯವರು ದಿನದ ದುಡ್ಡಿನಲ್ಲಿ ದಿನದ ಸರಕು ಕೊಳ್ಳುವಂತಾದದ್ದು ಪಾಕೀಟಿನಿಂದ. ಅದನ್ನು ನಿಲ್ಲಿಸಿ ಎನ್ನುವವರು ಬಾಟಲಿ ಕೊಳ್ಳುವ ತಾಕತ್ತಿರುವವರು.

ನಿಷೇಧ ಏನು ಮಾಡುತ್ತದೆ ಎಂಬುದಕ್ಕೆ ಗುಟ್ಕಾ ಚೀಟಿಯ ಕಥೆ ಇದೆ. ಗುಟ್ಕಾ, ತಂಬಾಕು, ಪಾನ್ ಮಸಾಲಾವನ್ನು ಪ್ಲಾಸ್ಟಿಕ್ ಚೀಟಿಯಲ್ಲಿ ಮಾರಬಾರದೆಂದು ಸುಪ್ರೀಂ ಕೋರ್ಟ್ 2010ರ ಡಿಸೆಂಬರ್‌ನಲ್ಲಿ ಹೇಳಿತು, 2011ರ ಮಾರ್ಚ್‌ನಿಂದ ಜಾರಿ. 2013ರಲ್ಲಿ ಕರ್ನಾಟಕ ಗುಟ್ಕಾವನ್ನೇ ನಿಷೇಧಿಸಿತು. ಆಮೇಲೆ ಬಂದದ್ದು ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಬಾಯಲ್ಲಿ ಕೂಡಿಸಿಕೊಂಡರೆ ಗುಟ್ಕಾ. ಒಂದು ಚೀಟಿ ಬೀಳುತ್ತಿದ್ದ ಕಡೆ ಎರಡು ಬೀಳತೊಡಗಿದವು.

2016ರ ಮಾರ್ಚ್‌ನಲ್ಲಿ ಕರ್ನಾಟಕ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶಕ್ಕೆಲ್ಲ ಒಂದೇ ಬಾರಿ ಬಳಸುವ ಪ್ಲಾಸ್ಟಿಕ್ ತಟ್ಟೆ, ಲೋಟ, ಸ್ಟ್ರಾಗಳ ನಿಷೇಧ ಬಂತು. ಆ ಪಟ್ಟಿಯಲ್ಲಿ ಶಾಂಪೂ ಪಾಕೀಟಿಲ್ಲ, ಕುರುಕಲು ತಿಂಡಿಯ ಪಾಕೀಟಿಲ್ಲ. ಮದುವೆ ಮನೆಯ ಲೋಟ ಹಿಡಿದು ದಂಡ ಹಾಕಬಹುದು, ದೊಡ್ಡ ಕಂಪನಿಯ ಪಾಕೀಟಿಗೆ ಹೊಣೆಗಾರಿಕೆ ಎಂಬ ಬೇರೆ ದಾರಿ.

ವಾಪಸ್ ಕೊಟ್ಟರೆ ದುಡ್ಡು

ನನ್ನ ಅಭಿಪ್ರಾಯದಲ್ಲಿ ಹಳ್ಳಿಯವರೆಗೆ ದುಡ್ಡು ತರುವ ನಂಬಿಕೆಯ ದಾರಿ ಒಂದೇ, ಅದು ನಮ್ಮ ಅಜ್ಜಂದಿರಿಗೂ ಗೊತ್ತಿದ್ದ ದಾರಿ. ಸೋಡಾ ಬಾಟಲಿ ಮನೆಗೆ ಒಯ್ಯಬೇಕಾದರೆ ದುಡ್ಡು ಇಟ್ಟು ಹೋಗಬೇಕು, ಬಾಟಲಿ ತಂದರೆ ದುಡ್ಡು ವಾಪಸ್. ಸೋಡಾ ಬಾಟಲಿ ಚರಂಡಿಯಲ್ಲಿ ಬಿದ್ದದ್ದನ್ನು ಯಾರಾದರೂ ನೋಡಿದ್ದೀರಾ?

ತಮಿಳುನಾಡಿನ ನೀಲಗಿರಿ ಜಿಲ್ಲೆಯಲ್ಲಿ ಕಾಡಿನಲ್ಲಿ ಒಡೆದ ಮದ್ಯದ ಬಾಟಲಿಯಿಂದ ಪ್ರಾಣಿಗಳಿಗೆ ಗಾಯವಾಗುತ್ತದೆಂಬ ವಿಷಯ ಮದ್ರಾಸ್ ಹೈಕೋರ್ಟಿನ ಮುಂದೆ ಬಂತು. 2022ರ ಮೇ ತಿಂಗಳಿಂದ ಅಲ್ಲಿನ ಸರ್ಕಾರಿ ಮದ್ಯದಂಗಡಿಗಳು ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ಪಡೆದು, ಖಾಲಿ ಬಾಟಲಿ ತಂದರೆ ವಾಪಸ್ ಕೊಡತೊಡಗಿದವು. ಬಹುಪಾಲು ಬಾಟಲಿ ಹಿಂದಕ್ಕೆ ಬಂದವು. ಅದೇ ವರ್ಷ ಕೇದಾರನಾಥದಲ್ಲಿ ನೀರಿನ ಬಾಟಲಿಗೆ ಕ್ಯೂಆರ್ ಚೀಟಿ ಅಂಟಿಸಿ 10 ರೂಪಾಯಿ ಠೇವಣಿ ಪದ್ಧತಿ ತಂದರು. ಅದನ್ನು ನಡೆಸಿದ್ದು ನಮ್ಮ ಹೈದರಾಬಾದಿನದೇ ಒಂದು ಕಂಪನಿ. 2016ರ ನಿಯಮಗಳ ಹೊಣೆಗಾರಿಕೆಯಲ್ಲಿ ಇಂಥ ಠೇವಣಿಗೆ ಅಡ್ಡಿಯಿಲ್ಲ, 2022ರ ಮಾರ್ಗಸೂಚಿಯಲ್ಲಂತೂ ಕಂಪನಿಗಳು ಠೇವಣಿ ಪದ್ಧತಿ, ಮರುಖರೀದಿ ನಡೆಸಬಹುದು ಎಂದೇ ಇದೆ. ನಡೆಸಬಹುದು ಅಷ್ಟೇ, ನಡೆಸಲೇಬೇಕು ಎಂದಿಲ್ಲ.

ಎರಡು ರೂಪಾಯಿ ಪಾಕೀಟಿಗೆ ಹತ್ತು ರೂಪಾಯಿ ಠೇವಣಿ ಇಡಲಾಗದು, ನಿಜ. ಆದರೆ ಹತ್ತು ಖಾಲಿ ಪಾಕೀಟಿಗೆ ಒಂದು ತುಂಬಿದ ಪಾಕೀಟು ಎಂದು ಅಂಗಡಿಯಲ್ಲಿ ಹೇಳಿ ನೋಡಿ, ಊರಿನ ಮಕ್ಕಳು ಬೇಲಿ ಬೇಲಿ ಹುಡುಕಿ ತರುತ್ತಾರೆ. ಸರಕು ತರುವ ವ್ಯಾನು ಹೋಗುವಾಗ ಖಾಲಿಯೇ ಹೋಗುತ್ತದೆ. ನಿಯಮದಲ್ಲೇ ಕಂಪನಿಯ 'ಸ್ವಂತ ವಿತರಣಾ ಜಾಲದ ಮೂಲಕ' ಎಂಬ ಮಾತಿದೆ, ಆ ಜಾಲ ಎಂದರೆ ಈ ವ್ಯಾನೇ.

ಅಷ್ಟರವರೆಗೆ ಊರು ಏನು ಮಾಡಬಹುದು?

ಒಂದು ಲೆಕ್ಕ ಹಾಕೋಣ. 500 ಮನೆಯ ಊರು, ಮನೆಗೆ ದಿನಕ್ಕೆ 20 ಗ್ರಾಂ ಪ್ಯಾಕಿಂಗ್ ಕಸ ಎಂದು ಹಿಡಿಯಿರಿ. ದಿನಕ್ಕೆ 10 ಕಿಲೋ, ವರ್ಷಕ್ಕೆ ಮೂರೂವರೆ ಟನ್ನಿಗೆ ಸ್ವಲ್ಪ ಹೆಚ್ಚು. ಹತ್ತು ಟನ್ನಿನ ಲಾರಿ ತುಂಬಲು ಒಂದೇ ಊರಿಗೆ ಎರಡೂ ಮುಕ್ಕಾಲು ವರ್ಷ ಬೇಕು. ಹತ್ತು ಊರು ಕೂಡಿದರೆ ವರ್ಷಕ್ಕೆ ಮೂರು ಲಾರಿ ಏಳುತ್ತದೆ. ಆಗ ಘಟಕದವನು ಫೋನ್ ಎತ್ತುತ್ತಾನೆ. ಒಂಟಿ ಪಂಚಾಯಿತಿಯ ಶೆಡ್ಡು ಸೋಲುವುದು ಇದೇ ಕಾರಣಕ್ಕೆ, ಕೆಲಸಗಾರರ ಸೋಮಾರಿತನದಿಂದಲ್ಲ.

ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಮಾಡಿದ್ದು ಇದನ್ನೇ. ಸುತ್ತಲಿನ ಹತ್ತಾರು ಪಂಚಾಯಿತಿಗಳ ಒಣ ಕಸ ಒಂದೇ ಕಡೆ ತಂದು, ಬಗೆಬಗೆಯಾಗಿ ಬೇರ್ಪಡಿಸಿ, ಯಂತ್ರದಲ್ಲಿ ಒತ್ತಿ ಮೂಟೆ ಕಟ್ಟುವ, ದಿನಕ್ಕೆ 10 ಟನ್ ಸಾಮರ್ಥ್ಯದ ಘಟಕ ಅಲ್ಲಿದೆ. ಬೆಲೆಯಿರುವ ಮೂಟೆ ಮರುಬಳಕೆಗೆ, ಬೆಲೆಯಿಲ್ಲದ ಮೂಟೆ ಸಿಮೆಂಟ್ ಭಟ್ಟಿಗೆ. ಸ್ವಚ್ಛ ಭಾರತದ ಗ್ರಾಮೀಣ ಯೋಜನೆಯ 2020ರಲ್ಲಿ ಶುರುವಾದ ಎರಡನೇ ಹಂತದಲ್ಲಿ ಒಂದು ಬ್ಲಾಕಿಗೆ ಪ್ಲಾಸ್ಟಿಕ್ ಘಟಕಕ್ಕೆಂದು 16 ಲಕ್ಷ ರೂಪಾಯಿ ತನಕ ಇಟ್ಟಿದ್ದರು.

ನಮಗೆ ಒಂದು ಅನುಕೂಲ ಇದೆ. ಗುರುಮಠಕಲ್ ದಾಟಿದರೆ ಸೇಡಂ, ಮಳಖೇಡ, ಆಚೆ ವಾಡಿ, ಇತ್ತ ತಾಂಡೂರು: ಇದೆಲ್ಲ ಸಿಮೆಂಟಿನ ಸೀಮೆ. ಪದರದ ಪಾಕೀಟು ಉರಿಸಲು ಮಂಡಳಿಯ ಒಪ್ಪಿಗೆ ಪಡೆದ ಭಟ್ಟಿ ಬೇಕು, ಪಂಚಾಯಿತಿಯವರು ಕೇಳಬೇಕಾದದ್ದೂ ಅದನ್ನೇ. ಪ್ರಮಾಣಪತ್ರದ ಲೆಕ್ಕ ದೇಶಕ್ಕೆಲ್ಲ ಒಂದೇ ಆದ್ದರಿಂದ ತೆಲಂಗಾಣದ ಕಸ, ಕರ್ನಾಟಕದ ಭಟ್ಟಿ ಎಂಬುದು ಕಂಪನಿಗೆ ತೊಂದರೆಯಲ್ಲ. ಅವರಿಗಿಲ್ಲದ ಗಡಿ ನಮಗೇಕೆ?

ಆದರೆ ಭಟ್ಟಿಯೇ ಎಲ್ಲಕ್ಕೂ ಮದ್ದು ಎಂದು ತಿಳಿಯಬೇಡಿ. ಸುಟ್ಟದ್ದು ಮತ್ತೆ ಪಾಕೀಟಾಗಿ ಬರುವುದಿಲ್ಲ. ಸುಡುವುದು ಸುಲಭವಾದಷ್ಟೂ ಕಂಪನಿಗೆ ಪಾಕೀಟು ಬದಲಿಸುವ ತುರ್ತು ಇರುವುದಿಲ್ಲ.

ಶೆಡ್ಡಿನಲ್ಲಿ ಮೂರು ಚೀಲ ಸಾಕು: ಬಾಟಲಿ ಡಬ್ಬಿಗೆ ಒಂದು, ಹಾಲಿನ ಪಾಕೀಟು ಮತ್ತು ಬರೀ ಪ್ಲಾಸ್ಟಿಕ್ ಕವರಿಗೆ ಒಂದು, ಒಳಗೆ ಬೆಳ್ಳಿಯಂತೆ ಹೊಳೆಯುವ ಪಾಕೀಟಿಗೆ ಒಂದು. ಪ್ಯಾಕಿಂಗ್ ಮೇಲೆ ತ್ರಿಕೋನದೊಳಗೆ ಅಂಕಿ ಇರುತ್ತದೆ. 1 ಇದ್ದರೆ ನೀರಿನ ಬಾಟಲಿ ಜಾತಿ, 2 ಇದ್ದರೆ ಗಟ್ಟಿ ಡಬ್ಬಿ, 7 ಇದ್ದರೆ ಬೆರಕೆ, ಗುಜರಿಯವನು ಮುಟ್ಟುವುದಿಲ್ಲ. ಗದ್ವಾಲ, ನಡಿಗಡ್ಡೆ ಕಡೆಯ ಹತ್ತಿ ಬೀಜದ ಹೊಲಗಳವರು ಕೇಳಿಸಿಕೊಳ್ಳಬೇಕಾದ ಮಾತೊಂದಿದೆ: ಕ್ರಿಮಿನಾಶಕದ ಡಬ್ಬಿಯನ್ನು ಈ ಯಾವ ಚೀಲಕ್ಕೂ ಹಾಕಬೇಡಿ, ಅದು ವಿಷದ ಕಸ. ಕಸ ಆರಿಸುವ ಹೆಣ್ಣುಮಕ್ಕಳ ಕೈಗೆ ಅದು ಬರಬಾರದು.

ಯಾವ ಬಾಗಿಲು ತಟ್ಟಬೇಕು ಎಂಬುದೂ ತಿಳಿದಿರಲಿ. ಎರಡಕ್ಕಿಂತ ಹೆಚ್ಚು ರಾಜ್ಯದಲ್ಲಿ ಮಾರುವ ಕಂಪನಿ ಕೇಂದ್ರ ಮಂಡಳಿಯಲ್ಲಿ ನೋಂದಾಯಿಸಿರುತ್ತದೆ, ಒಂದೆರಡು ರಾಜ್ಯದ್ದಾದರೆ ರಾಜ್ಯದ ಮಂಡಳಿಯಲ್ಲಿ. ಊರಲ್ಲೇ ಚೂಡಾ, ಖಾರದ ಪುಡಿ ಪ್ಯಾಕ್ ಮಾಡಿ ತಮ್ಮ ಹೆಸರಲ್ಲಿ ಮಾರುವ ಸಣ್ಣವರ ಮೇಲೆ ಬ್ರಾಂಡ್ ಮಾಲೀಕನ ಈ ಹೊಣೆ ಇಲ್ಲ, ಅವರ ಮೇಲೆ ಹರಿಹಾಯಬೇಡಿ.

ತೆಲಂಗಾಣದ ಪಂಚಾಯಿತಿಗಳಲ್ಲಿ 2024ರ ಫೆಬ್ರವರಿಯಿಂದ ಚುನಾಯಿತರೇ ಇರಲಿಲ್ಲ, ವಿಶೇಷಾಧಿಕಾರಿಗಳ ಆಡಳಿತವಿತ್ತು. 2025ರ ಡಿಸೆಂಬರ್ ಚುನಾವಣೆಯಲ್ಲಿ ಹೊಸ ಸರಪಂಚರು ಬಂದಿದ್ದಾರೆ. ಗ್ರಾಮಸಭೆಯಲ್ಲಿ ಅವರನ್ನು ರಸ್ತೆ, ನಲ್ಲಿ ಕೇಳಿದ ಹಾಗೆ ಒಂದು ಪುಸ್ತಕವನ್ನೂ ಕೇಳಿ: ಶೆಡ್ಡಿಗೆ ಬಂದ ಪ್ಯಾಕಿಂಗ್ ಕಸದ ತೂಕ, ಅದರಲ್ಲಿ ಯಾವ ವರ್ಗ ಎಷ್ಟು, ಯಾರಿಗೆ ಹೋಯಿತು, ಅವರು ಮಂಡಳಿಯಲ್ಲಿ ನೋಂದಾಯಿತರೇ, ಕಿಲೋಗೆ ಎಷ್ಟು ಕೊಟ್ಟರು. ನಮ್ಮ ಕಸ ತೂಗಿ ಅವರು ಪ್ರಮಾಣಪತ್ರ ಮಾರುತ್ತಾರಾದರೆ ಅದರಲ್ಲಿ ಊರಿನ ಪಾಲು ಎಷ್ಟು ಎಂದು ಕರಾರಿನಲ್ಲಿ ಬರೆಸಿಕೊಳ್ಳಬೇಕು. ಮಾರ್ಗಸೂಚಿ ಈ ಪಾಲನ್ನು ಕಡ್ಡಾಯ ಮಾಡಿಲ್ಲ, ಬೇಡ ಎಂದೂ ಹೇಳಿಲ್ಲ. ತೂಕದ ಪುಸ್ತಕ ಇಲ್ಲದ ಪಂಚಾಯಿತಿ ಮಾತ್ರ ಏನನ್ನೂ ಕೇಳಲಾರದು.